ಪರದೆಯೊಳಗೆ ಹುಳ ಹೊಕ್ಕರೆ

ರೋಹಿಣಿ ಮಳೆಯ ಮೊದಲ ಗುಡುಗು ಗುಡುಗಿದ ಮರುದಿನ ಮೇಗರವಳ್ಳಿ ಕಡೆಯ ಮೇಷ್ಟ್ರೊಬ್ಬರು ತೀರ್ಥಹಳ್ಳಿಯ ನನ್ನ ಮೊಬೈಲ್ ರಿಪೇರಿ ಅಂಗಡಿಗೆ ಬಂದರು. ಕನ್ನಡ ಪಾಠ ಹೇಳಿ ನಿವೃತ್ತರಾದವರು. ಅಡಿಕೆ ಗೊನೆಗೆ ಕೊಟ್ಟೆ ಕಟ್ಟಿದ ಹಾಗೆ ಟ್ಯಾಬಿಗೆ ಎರಡು ಸುತ್ತು ಪ್ಲಾಸ್ಟಿಕ್ ಸುತ್ತಿ, ಬಾಯಿಗೆ ರಬ್ಬರ್ ಹಾಕಿ ತಂದಿದ್ದರು. ಬಿಚ್ಚಿ ಕೌಂಟರಿನ ಮೇಲಿಟ್ಟು, "ನೋಡಪ್ಪಾ, ಇದರಲ್ಲಿ ಒಂದು ಅಲ್ಪವಿರಾಮ ಹೆಚ್ಚಿಗೆ ಇದೆ" ಎಂದರು.

ನನಗೆ ಅರ್ಥವಾಗಲಿಲ್ಲ. ಅವರು ಹಳೆಯ ಪುಸ್ತಕಗಳ ಸ್ಕ್ಯಾನ್ ಪ್ರತಿಗಳನ್ನು ಆ ಟ್ಯಾಬಿನಲ್ಲಿ ಓದುತ್ತಾರೆ. ಹಿಂದಿನ ರಾತ್ರಿ ಓದುತ್ತಿದ್ದಾಗ ಒಂದು ವಾಕ್ಯದ ನಡುವೆ, ಇರಬಾರದ ಜಾಗದಲ್ಲಿ ಅಲ್ಪವಿರಾಮ ಕಂಡಿತಂತೆ. ಅಚ್ಚಿನ ತಪ್ಪು ಎಂದುಕೊಂಡು ಮುಂದೆ ಓದಿದ್ದಾರೆ. ಪುಟ ತಿರುಗಿಸಿದರೂ ಅದು ಅಲ್ಲೇ ಇದೆ. ಮೂರನೆಯ ಪುಟಕ್ಕೆ ಬರುವಷ್ಟರಲ್ಲಿ ಎರಡು ಸಾಲು ಕೆಳಗಿಳಿದಿದೆ. "ವಿರಾಮಚಿಹ್ನೆ ನಡೆದಾಡುವುದನ್ನು ನನ್ನ ಸರ್ವೀಸಿನಲ್ಲೇ ನೋಡಿರಲಿಲ್ಲ" ಎಂದು ನಕ್ಕರು. ನಗುತ್ತಲೇ ಅವರ ತೋರುಬೆರಳು ಆ ಚುಕ್ಕೆಯ ಮೇಲೆ ಇಳಿಯುತ್ತಿತ್ತು. ನಾನು ಕೈ ಚಾಚಿ ಅವರ ಮಣಿಕಟ್ಟು ಹಿಡಿದುಕೊಂಡೆ. ಮೇಷ್ಟ್ರ ಕೈ ಹಿಡಿದು ತಡೆದದ್ದು ನನ್ನ ಜೀವಮಾನದಲ್ಲಿ ಅದೇ ಮೊದಲು.

ಮೊದಲು ಬೆರಳು ತೆಗೆಯಿರಿ

ಮುಂದಿನದನ್ನೆಲ್ಲ ಓದಲು ಪುರುಸೊತ್ತಿಲ್ಲದವರು ಇಷ್ಟು ತಿಳಿದುಕೊಂಡರೂ ಸಾಕು: ಒತ್ತಬೇಡಿ. ಗೋಡೆಯ ಮೇಲಿನ ಹುಳವನ್ನು ಹೊಸಕಿ ರೂಢಿಯಾದ ಕೈ ತಾನಾಗಿಯೇ ಪರದೆಯ ಮೇಲೂ ಹೋಗುತ್ತದೆ. ಗೋಡೆಯನ್ನಾದರೆ ಒರೆಸಬಹುದು, ಪರದೆಯ ಒಳಮೈಯನ್ನು ಒರೆಸಲು ದಾರಿಯಿಲ್ಲ. ಹುಳ ಸಿಕ್ಕಿಕೊಂಡಿರುವುದು ಎರಡು ತೆಳು ಪದರಗಳ ನಡುವೆ. ಜೀವವಿದ್ದರೆ ಅದು ನಡೆಯುತ್ತದೆ. ಸತ್ತರೆ ಒಣಗಿ, ಹೊಟ್ಟಿನಷ್ಟು ಹಗುರಾಗಿ, ಒಂದಲ್ಲ ಒಂದು ದಿನ ಜಾರುತ್ತದೆ. ಹೊಸಕಿದರೆ ಮಾತ್ರ ಮೈಯೊಳಗಿನ ರಸ ಎರಡೂ ಪದರಗಳಿಗೆ ಮೆತ್ತಿಕೊಂಡು, ಎಣ್ಣೆ ಬಿದ್ದ ಕಾಗದದ ಹಾಗೆ ಸುತ್ತ ಹರಡಿ ಅಲ್ಲೇ ಒಣಗುತ್ತದೆ. ಪರದೆಗೆ ಹಿಂದಿನಿಂದ ಬೆಳಕು ಕೊಡುವ ಬ್ಯಾಕ್‌ಲೈಟಿನ ಕೆಲವು ಹಾಳೆಗಳಲ್ಲಿ ಬೆಳಕನ್ನು ಕಣ್ಣಿನ ಕಡೆಗೆ ತಿರುಗಿಸಲೆಂದು ಬರಿಗಣ್ಣಿಗೆ ಕಾಣದಷ್ಟು ಕಿರಿದಾದ ಏಣುಗಳಿರುತ್ತವೆ, ಉತ್ತ ಗದ್ದೆಯ ಸಾಲಿನ ಹಾಗೆ. ಆ ಸಾಲುಗಳಿಗೆ ರಸ ಇಳಿದರೆ ಬಿಚ್ಚಿ ತೊಳೆದರೂ ಕಲೆ ಪೂರ್ತಿ ಹೋಗುವುದಿಲ್ಲ. ಒಂದು ಮಿಲಿಮೀಟರಿನ ಹುಳ ಎರಡು ಮೂರು ಮಿಲಿಮೀಟರಿನ ಕಲೆಯಾಗಿ, ಪರದೆ ಬದಲಿಸುವ ತನಕ ನಿಮ್ಮ ಜೊತೆಗೇ ಇರುತ್ತದೆ.

ನನ್ನಲ್ಲಿಗೆ ಬರುವ ಇಂಥ ಕೇಸುಗಳಲ್ಲಿ ಕೈಗೆ ಮೀರಿದವು ಬಹುತೇಕ ಹೀಗೆ ಹೊಸಕಿಸಿಕೊಂಡು ಬಂದವೇ. ಒತ್ತದೆ ತಂದವರ ಕೆಲಸಕ್ಕೆ ಎಷ್ಟೋ ಸಲ ನಾನು ಸ್ಕ್ರೂಡ್ರೈವರ್ ಕೂಡ ಎತ್ತಿಲ್ಲ.

ಹುಳವೋ, ಮತ್ತೇನೋ?

ಎಲ್ಲಕ್ಕಿಂತ ಮೊದಲು ಸ್ಕ್ರೀನ್ ಗಾರ್ಡ್ ನೋಡಿ. ನಗೆ ಬರಬಹುದು, ಆದರೆ ಗಾಜಿನ ಗಾರ್ಡಿನ ಅಂಚು ಒಂದು ಕಡೆ ಎದ್ದಿದ್ದರೆ ಅದರಡಿಗೆ ನುಗ್ಗುವುದು ಹುಳಕ್ಕೆ ಬಹಳ ಸುಲಭ. ಪರದೆಯೇ ಹೋಯಿತೆಂದು ಮುಖ ಬಾಡಿಸಿಕೊಂಡು ಬಂದವರ ಗಾರ್ಡ್ ಕಿತ್ತು, ಒರೆಸಿ, ಹೊಸದು ಹಚ್ಚಿ ಎರಡೇ ನಿಮಿಷದಲ್ಲಿ ಕಳುಹಿಸಿದ್ದೇನೆ.

ಗಾರ್ಡಿನಡಿ ಏನೂ ಇಲ್ಲವಾದರೆ ಒಂದು ಸ್ಕ್ರೀನ್‌ಶಾಟ್ ತೆಗೆಯಿರಿ. ಆ ಚಿತ್ರವನ್ನು ಬೇರೆ ಫೋನಿಗೆ ಕಳುಹಿಸಿ ನೋಡಿ. ಅಲ್ಲೂ ಚುಕ್ಕೆ ಇದ್ದರೆ ದೋಷ ಪರದೆಯದಲ್ಲ, ನೀವು ನೋಡುತ್ತಿದ್ದ ಕಡತದ್ದೋ ಆ್ಯಪ್‌ನದ್ದೋ ಇರಬೇಕು. ಬೇರೆ ಫೋನ್ ಇಲ್ಲದಿದ್ದರೆ ಎರಡು ಬೆರಳಿನಿಂದ ಪುಟವನ್ನು ಹಿಗ್ಗಿಸಿ. ಅಕ್ಷರದ ಜೊತೆ ಚುಕ್ಕೆಯೂ ಹಿಗ್ಗಿದರೆ ಅದು ಪುಟದಲ್ಲಿದೆ. ಅಕ್ಷರ ಮಾತ್ರ ಹಿಗ್ಗಿ ಚುಕ್ಕೆ ಇದ್ದ ಅಳತೆಯಲ್ಲೇ, ಇದ್ದ ಜಾಗದಲ್ಲೇ ನಿಂತರೆ ಅದು ಪರದೆಯಲ್ಲಿದೆ.

ಪರದೆಯಲ್ಲೇ ಇದೆ ಎಂದಾದ ಮೇಲೆ ಬರುವ ಸಂಶಯ ಸತ್ತ ಪಿಕ್ಸೆಲ್‌ನದು, ಅಂದರೆ ಚಿತ್ರ ಮೂಡಿಸುವ ಪುಟಾಣಿ ಚುಕ್ಕೆಗಳಲ್ಲಿ ಕೆಟ್ಟು ಕಪ್ಪಾದ ಒಂದರದು. ಇಲ್ಲಿ ಸ್ವಲ್ಪ ಲೆಕ್ಕ ನೆರವಿಗೆ ಬರುತ್ತದೆ. ಮೇಷ್ಟ್ರ ಟ್ಯಾಬ್ ಹತ್ತು ಇಂಚಿನದು, ಅಡ್ಡಕ್ಕೆ 1,280, ಉದ್ದಕ್ಕೆ 800 ಪಿಕ್ಸೆಲ್. ಅಂದರೆ ಒಂದು ಪಿಕ್ಸೆಲ್ ಸುಮಾರು 0.17 ಮಿಲಿಮೀಟರ್. ಒಂದು ಮಿಲಿಮೀಟರ್ ಉದ್ದದ ಹುಳ ಆರು ಪಿಕ್ಸೆಲ್‌ಗಳಷ್ಟು ಜಾಗ ಹಿಡಿಯುತ್ತದೆ. ಈಗಿನ ಫೋನುಗಳಲ್ಲಿ ಪಿಕ್ಸೆಲ್ ಇನ್ನೂ ಸಣ್ಣದು, ಒಂದೇ ಒಂದು ಸತ್ತರೆ ಹುಡುಕಿದರೂ ಕಣ್ಣಿಗೆ ಬೀಳುವುದು ಕಷ್ಟ. ಹಾಗಾಗಿ ಮೊದಲ ನೋಟಕ್ಕೇ ಎದ್ದು ಕಾಣುವ ಚುಕ್ಕೆ ಒಂಟಿ ಪಿಕ್ಸೆಲ್ ಆಗಿರುವ ಸಂಭವ ಕಡಿಮೆ. ಅನುಮಾನ ಪರಿಹಾರಕ್ಕೆ ಭೂತಗನ್ನಡಿ ಬೇಕೆಂದೇನಿಲ್ಲ. ಬೆರಳ ತುದಿಯಿಂದ ಸಾಸಿವೆ ಗಾತ್ರದ ಒಂದು ಹನಿ ನೀರನ್ನು ಆ ಚುಕ್ಕೆಯ ಮೇಲೆ ಇಳಿಸಿ. ಹನಿಯೇ ಮಸೂರವಾಗಿ ಕೆಂಪು, ಹಸಿರು, ನೀಲಿ ಪಟ್ಟಿಗಳು ಬಿಡಿಬಿಡಿಯಾಗಿ ಕಾಣುತ್ತವೆ. ಪಿಕ್ಸೆಲ್ ಆಗಿದ್ದರೆ ಆ ಪಟ್ಟಿಗಳ ಸಾಲಿನಲ್ಲೇ ಚೌಕವಾಗಿ ಒಂದು ಕಿಂಡಿ ಕಪ್ಪಾಗಿರುತ್ತದೆ. ಹುಳವಾಗಿದ್ದರೆ ಅಂಚು ಸೊಟ್ಟಗಿರುತ್ತದೆ, ಮಸುಕಾಗಿರುತ್ತದೆ, ಅದೃಷ್ಟವಿದ್ದರೆ ಕಾಲೂ ಕಾಣುತ್ತದೆ. ನೋಡಿದ ಕೂಡಲೇ ಹನಿಯನ್ನು ಒರೆಸಿಬಿಡಿ.

ಹುಳವಲ್ಲದ, ಆದರೆ ಹುಳವೆಂದು ಹೇಳಿಕೊಂಡು ಬರುವ ಇನ್ನೆರಡು ಸಂಗತಿಗಳಿವೆ. ಕಪ್ಪು ಕಲೆ ದಿನದಿಂದ ದಿನಕ್ಕೆ ದೊಡ್ಡದಾಗುತ್ತಾ ಶಾಯಿ ಚೆಲ್ಲಿದಂತೆ ಹರಡುತ್ತಿದ್ದರೆ ಪರದೆ ಒಡೆದಿದೆ; ಹುಳಕ್ಕೂ ಅದಕ್ಕೂ ಸಂಬಂಧವಿಲ್ಲ. ಪರದೆಯ ನಡುವೆ ಬೆಳ್ಳನೆಯ ಮಚ್ಚೆ ಮೂಡಿ, ಅದರ ಜೊತೆಗೆ ಸಾಧನದ ಬೆನ್ನು ಸ್ವಲ್ಪ ಉಬ್ಬಿದಂತಿದ್ದರೆ ಬ್ಯಾಟರಿ ಊದಿಕೊಂಡು ಒಳಗಿನಿಂದ ಒತ್ತುತ್ತಿದೆ. ಅಂಥದ್ದನ್ನು ಚಾರ್ಜಿಗೆ ಹಾಕಬೇಡಿ, ಒತ್ತಿ ಕೂರಿಸಲು ಹೋಗಬೇಡಿ, ಸ್ವಿಚ್ ಆಫ್ ಮಾಡಿ ಅದೇ ದಿನ ರಿಪೇರಿಗೆ ಕೊಡಿ. ಹುಳ ಒಂದು ತಿಂಗಳು ಕಾಯುತ್ತದೆ, ಬ್ಯಾಟರಿ ಕಾಯುವುದಿಲ್ಲ.

ಯಾವ ಪದರದಲ್ಲಿದೆ?

ಇದನ್ನು ತಿಳಿಯದೆ ಯಾವ ಉಪಾಯವೂ ಫಲಿಸುವುದಿಲ್ಲ, ಹಾಗಾಗಿ ಸ್ವಲ್ಪ ವಿವರವಾಗಿ ಹೇಳುತ್ತೇನೆ.

ಎಲ್‌ಸಿಡಿ ಪರದೆ ಎಂದರೆ ಒಂದು ಪತ್ರೊಡೆ. ಕೆಸುವಿನ ಎಲೆಯ ಮೇಲೆ ಎಲೆ ಹಾಸಿದ ಹಾಗೆ ಪದರದ ಮೇಲೆ ಪದರ. ತೀರಾ ಕೆಳಗೆ ಬೆಳಕನ್ನು ಮೇಲಕ್ಕೆ ತಳ್ಳುವ ಬಿಳಿ ಹಾಳೆ. ಅದರ ಮೇಲೆ ಪಾರದರ್ಶಕ ಅಕ್ರಿಲಿಕ್ ಫಲಕ. ಇದರ ಒಂದು ಅಂಚಿನಲ್ಲಿ ಸಾಲಾಗಿ ಕುಳಿತ ಪುಟಾಣಿ ಎಲ್‌ಇಡಿಗಳು ಬೆಳಕನ್ನು ಇದರೊಳಗೆ ಹಾಯಿಸುತ್ತವೆ. ಅದರ ಮೇಲೆ ಬೆಳಕನ್ನು ಸಮನಾಗಿ ಹರಡುವ ಹಾಳೆ, ಆಮೇಲೆ ನಾನು ಹೇಳಿದ ಉತ್ತ ಗದ್ದೆಯಂಥ ಏಣಿನ ಹಾಳೆಗಳು. ಇವೆಲ್ಲ ಸೇರಿ ಬ್ಯಾಕ್‌ಲೈಟ್. ಇವುಗಳ ಮೇಲೆ ಚಿತ್ರ ಮೂಡಿಸುವ ಎಲ್‌ಸಿಡಿ ಗಾಜು, ಅದರ ಮೇಲೆ ಬೆರಳು ತಾಗುವ ಟಚ್ ಗ್ಲಾಸ್. ಮುಖ್ಯ ಸಂಗತಿ ಇದು: ಬ್ಯಾಕ್‌ಲೈಟಿನ ಹಾಳೆಗಳನ್ನು ಒಂದಕ್ಕೊಂದು ಅಂಟಿಸಿರುವುದಿಲ್ಲ. ಸುಮ್ಮನೆ ಒಂದರ ಮೇಲೊಂದು ಕೂರಿಸಿ, ಅಂಚಿಗೆ ಮಾತ್ರ ತೆಳುವಾದ ಕಪ್ಪು ಅಂಟುಪಟ್ಟಿ ಸುತ್ತಿರುತ್ತಾರೆ. ಆ ಪಟ್ಟಿ ಒಂದು ಕಡೆ ಸಡಿಲವಾಯಿತೆಂದರೆ ಸಣ್ಣ ಹುಳಕ್ಕೆ ಅದೇ ಹೆಬ್ಬಾಗಿಲು. ಕಡಿಮೆ ಬೆಲೆಯ ಟ್ಯಾಬುಗಳಲ್ಲಿ, ಹಳೆಯ ಫೋನುಗಳಲ್ಲಿ ಟಚ್ ಗ್ಲಾಸಿಗೂ ಎಲ್‌ಸಿಡಿಗೂ ನಡುವೆ ಕೂಡ ಗಾಳಿಯ ಸಂದು ಇರುತ್ತದೆ. ಈಚಿನ ಒಳ್ಳೆಯ ಸಾಧನಗಳಲ್ಲಿ ಅವೆರಡನ್ನೂ ಪಾರದರ್ಶಕ ಅಂಟಿನಿಂದ ಒಂದೇ ತುಂಡಿನಂತೆ ಬೆಸೆದಿರುತ್ತಾರೆ.

ಈಗ ಪರೀಕ್ಷೆ. ಸಾಧನವನ್ನು ಪೂರ್ತಿ ಆಫ್ ಮಾಡಿ. ಕತ್ತಲೆ ಕೋಣೆಯಲ್ಲಿ ಟಾರ್ಚನ್ನು ಪರದೆಗೆ ಓರೆಯಾಗಿ, ಬಹುತೇಕ ಮಲಗಿಸಿ ಹಿಡಿಯಿರಿ. ಹುಳ ಬಣ್ಣದ ಸಮೇತ ಕಂಡರೆ ಅದು ಟಚ್ ಗ್ಲಾಸಿಗೂ ಎಲ್‌ಸಿಡಿಗೂ ನಡುವೆ ಇದೆ. ಅದರ ನೆರಳು ಪಕ್ಕದಲ್ಲೇ ಬಿದ್ದದ್ದೂ ಕಾಣುತ್ತದೆ. ಆಫ್ ಆದಾಗ ಏನೂ ಕಾಣದೆ, ಆನ್ ಮಾಡಿದ ಕೂಡಲೇ ಕಪ್ಪು ನೆರಳಾಗಿ ಎದ್ದು ಬಂದರೆ ಅದು ಎಲ್‌ಸಿಡಿಯ ಹಿಂದೆ, ಬ್ಯಾಕ್‌ಲೈಟಿನಲ್ಲಿದೆ. ಬೊಂಬೆಯಾಟದ ಪರದೆಯ ಹಿಂದಿನ ತೊಗಲುಗೊಂಬೆಯ ಹಾಗೆ. ಮೇಷ್ಟ್ರ ಅಲ್ಪವಿರಾಮ ಎರಡನೆಯ ಜಾತಿಯದು.

ಫೋನಿನದು ಓಎಲ್‌ಇಡಿ ಪರದೆಯಾಗಿದ್ದರೆ ಈ ಇಡೀ ಚರ್ಚೆ ನಿಮಗೆ ಬೇಡ. ಅಲ್ಲಿ ಪ್ರತಿ ಪಿಕ್ಸೆಲ್ಲೂ ತಾನೇ ಉರಿಯುತ್ತದೆ, ಬ್ಯಾಕ್‌ಲೈಟಿನ ಹಾಳೆಗಳೇ ಇಲ್ಲ, ಹುಳ ನಡೆದಾಡುವಷ್ಟು ಸಂದೂ ಇಲ್ಲ. ಯಾವುದೆಂದು ತಿಳಿಯದಿದ್ದರೆ ಕತ್ತಲೆಯಲ್ಲಿ ಪೂರ್ತಿ ಕಪ್ಪು ಚಿತ್ರವೊಂದನ್ನು ತೆರೆಯಿರಿ. ಪರದೆ ಆಫ್ ಆದಂತೆ ಕಗ್ಗತ್ತಲಾದರೆ ಓಎಲ್‌ಇಡಿ. ಬೂದಿ ಬಣ್ಣದ ಮಂಕು ಬೆಳಕು ಉಳಿದರೆ ಎಲ್‌ಸಿಡಿ.

ಒಳಗಿರುವವರು ಯಾರು?

ಭೂತಗನ್ನಡಿಯಲ್ಲಿ ನೋಡಿದಾಗ ಮೇಷ್ಟ್ರ ಟ್ಯಾಬಿನಲ್ಲಿದ್ದದ್ದು ಕಡ್ಡಿಯಂಥ ಉದ್ದನೆಯ ಮೈಯ, ಮಿಲಿಮೀಟರಿಗಿಂತ ತುಸು ದೊಡ್ಡದಾದ ಹುಳ. ಥ್ರಿಪ್ಸ್ ನುಸಿ. ಏಲಕ್ಕಿ ಬೆಳೆಯುವವರಿಗೆ ಇದರ ಪರಿಚಯ ಹೇಳಬೇಕಾಗಿಲ್ಲ. ಕಾಯಿಯ ಮೇಲೆ ಕಜ್ಜಿ ಎಬ್ಬಿಸುವುದು ಇದರದೇ ಕುಲ. ಮೆಣಸಿನಕಾಯಿ ಗಿಡದ ಎಲೆ ಮುದುರಿಸುವುದೂ ಇದರ ಬಳಗವೇ. ಬೆನ್ನಿಗೂ ಹೊಟ್ಟೆಗೂ ಏನಾದರೂ ತಾಗಿಕೊಂಡಿರಬೇಕು ಎನ್ನುವುದು ಈ ಹುಳದ ಸ್ವಭಾವ. ಅದಕ್ಕೇ ಎಲೆಯ ಸುರುಳಿ, ಹೂವಿನ ಪಕಳೆ, ಕಾಂಡಕ್ಕೆ ಅಂಟಿದ ಎಲೆಯ ತೊಟ್ಟು, ಇಂಥ ಇಕ್ಕಟ್ಟುಗಳನ್ನೇ ಹುಡುಕಿ ಸೇರುತ್ತದೆ. ಬ್ಯಾಕ್‌ಲೈಟಿನ ಎರಡು ಹಾಳೆಗಳ ನಡುವಿನ ಸಂದು ಅದಕ್ಕೆ ತವರುಮನೆಯಂತೆ ಕಂಡರೆ ತಪ್ಪೇನು? ಇಂಗ್ಲೆಂಡಿನಲ್ಲಿ ಇದನ್ನು ಗುಡುಗಿನ ಹುಳ ಎಂದೇ ಕರೆಯುತ್ತಾರೆ. ಬೇಸಗೆಯಲ್ಲಿ ಗುಡುಗು ಮಳೆಯ ಮುಂಚೆ ಹಿಂಡಾಗಿ ಎದ್ದು, ಗೋಡೆಗೆ ತೂಗುಹಾಕಿದ ಫೋಟೋಗಳ ಗಾಜಿನಡಿಗೂ ನುಸುಳುವ ಕುಖ್ಯಾತಿ ಅದಕ್ಕಿದೆ.

ಬೆಳಕಿನ ಪಾತ್ರವೂ ಇದೆ. ತರಕಾರಿ, ಹೂವು ಬೆಳೆಯುವವರು ಥ್ರಿಪ್ಸ್ ಹಿಡಿಯಲು ಗಿಡಗಳ ನಡುವೆ ನೀಲಿ ಬಣ್ಣದ ಅಂಟುಪಟ್ಟಿ ತೂಗುಬಿಡುತ್ತಾರೆ. ನೀಲಿಗೆ ಅದು ಮರುಳು. ನಮ್ಮ ಫೋನು, ಟ್ಯಾಬುಗಳ ಬಿಳಿ ಎಲ್‌ಇಡಿಯೂ ಮೂಲದಲ್ಲಿ ನೀಲಿ ಎಲ್‌ಇಡಿಯೇ. ಮೇಲೆ ನೀಲಿಯನ್ನು ಹೀರಿ ಹಳದಿ ಬೆಳಕು ಸೂಸುವ ಫಾಸ್ಫರ್ ಪುಡಿಯ ಲೇಪ ಕೊಟ್ಟು ಬಿಳಿಯಾಗಿಸಿರುತ್ತಾರೆ, ಅಷ್ಟೆ. 450 ನ್ಯಾನೋಮೀಟರಿನ ಆಸುಪಾಸಿನ ನೀಲಿ ಅದರಲ್ಲಿ ಧಾರಾಳವಾಗಿ ಉಳಿದಿರುತ್ತದೆ. ಕರೆಂಟು ಹೋದ ಸಂಜೆ, ಇಡೀ ಮನೆಯಲ್ಲಿ ಉರಿಯುತ್ತಿರುವುದು ಟ್ಯಾಬ್ ಒಂದೇ ಆಗಿದ್ದರೆ, ಅಂಟಿಲ್ಲದ ನೀಲಿ ಪಟ್ಟಿಯೊಂದನ್ನು ಕಿಟಕಿಯ ಪಕ್ಕ ಹಿಡಿದು ಕುಳಿತ ಹಾಗಾಯಿತು.

ಜಡಿಮಳೆ ಹಿಡಿದ ಮೇಲೆ ಥ್ರಿಪ್ಸ್ ಕಡಿಮೆಯಾಗುತ್ತದೆ, ಬೇರೆಯವರ ಸರದಿ ಬರುತ್ತದೆ. ತಿಂಗಳುಗಟ್ಟಲೆ ಬಟ್ಟೆ ಒಣಗದ ನಮ್ಮ ಮಳೆಗಾಲದಲ್ಲಿ ಬೂಸ್ಟು ಹಿಡಿಯದ ವಸ್ತುವಿಲ್ಲ. ಆ ಬೂಸ್ಟು ತಿಂದು ಬದುಕುವ ಮಸುಕು ಬಣ್ಣದ ಪುಸ್ತಕದ ಹೇನು ಹಳೆಯ ಕಾಗದದಿಂದ ಹಿಡಿದು ಪರದೆಯವರೆಗೆ ಎಲ್ಲೆಡೆ ಸಿಗುತ್ತದೆ. ಇರುವೆಯ ಕಥೆ ಬೇರೆ. ಒಂದು ಇರುವೆ ಪರದೆಯಲ್ಲಿ ಕಂಡರೆ ಪರದೆಯನ್ನು ಬಿಟ್ಟು ಚಾರ್ಜಿಂಗ್ ಬಾಯಿ, ಸ್ಪೀಕರಿನ ಜಾಲರಿ ನೋಡಿ. ಬೆಚ್ಚಗಿನ, ಒಣ ಜಾಗವೆಂದು ಮೊಟ್ಟೆ ಹೊತ್ತು ಸಂಸಾರ ಸಮೇತ ಬಂದಿರುವುದೂ ಉಂಟು. ಆಗ ನೀವು ಹುಡುಕಬೇಕಾದದ್ದು ಒಂದನ್ನಲ್ಲ, ಒಕ್ಕಲನ್ನು.

ಜೀವ ಇದ್ದರೆ

ಚಲಿಸುತ್ತಿದೆಯೇ ಎಂದು ಕಣ್ಣಳತೆಯಲ್ಲಿ ತೀರ್ಮಾನಿಸಬೇಡಿ. ಹುಳದ ಪಕ್ಕ, ಗಾಜಿನ ಮೇಲೆ, ಸೆಲ್ಲೋಟೇಪಿನ ಸಣ್ಣ ಚೂರು ಹಚ್ಚಿ ಹತ್ತು ನಿಮಿಷ ಬಿಟ್ಟು ನೋಡಿ. ಟೇಪಿಗೂ ಹುಳಕ್ಕೂ ಅಂತರ ಬದಲಾಗಿದ್ದರೆ ಜೀವ ಇದೆ ಎಂದರ್ಥ. ಇದು ಒಳ್ಳೆಯ ಸುದ್ದಿ. ಬಂದ ದಾರಿಯಲ್ಲೇ ಹೋಗಲು ಅದಕ್ಕೆ ಒಂದು ನೆವ ಬೇಕು, ಅಷ್ಟೆ.

ಟ್ಯಾಬನ್ನು ಪೂರ್ತಿ ಆಫ್ ಮಾಡಬೇಕು. ಬರಿಯ ಲಾಕ್ ಸಾಲದು. ಸಂದೇಶ ಬಂದಾಗಲೆಲ್ಲ ಪರದೆ ಬೆಳಗಿದರೆ ಹುಳ ಮತ್ತೆ ಒಳಮುಖವಾಗುತ್ತದೆ. ಕವರ್ ತೆಗೆಯಿರಿ, ಚಾರ್ಜರ್ ಕೀಳಿರಿ. ಆಮೇಲೆ ಒಂದು ಚಪ್ಪಲಿ ಡಬ್ಬಿ ತೆಗೆದುಕೊಂಡು, ಅದರ ಒಂದು ಪಕ್ಕದಲ್ಲಿ ಅಂಗೈ ಅಗಲದ ಕಿಂಡಿ ಕೊರೆಯಿರಿ. ಡಬ್ಬಿಯ ತಳಕ್ಕೆ ಬಿಳಿ ಹಾಳೆ ಹಾಸಿ. ಹುಳಕ್ಕೆ ಯಾವ ಅಂಚು ಹತ್ತಿರವೋ ಆ ಅಂಚು ಕಿಂಡಿಯ ಕಡೆಗೆ ಬರುವಂತೆ ಟ್ಯಾಬನ್ನು ಒಳಗೆ ನಿಲ್ಲಿಸಿ, ಮುಚ್ಚಳ ಮುಚ್ಚಿ, ಕಿಂಡಿಯನ್ನು ಹಗಲಿನ ಕಿಟಕಿಗೆ ಮುಖ ಮಾಡಿಡಿ. ಕಿಟಕಿಯ ಗಾಜು ಮುಚ್ಚಿರಲಿ. ಬಿಸಿಲು ನೇರವಾಗಿ ಬೀಳುವ ಜಾಗ ಬೇಡ, ಮೋಡದ ಬೆಳಕೇ ಸಾಕು.

ರಾತ್ರಿ ಟಾರ್ಚ್ ಇಟ್ಟು ಮಾಡಬಾರದೇ ಎಂದು ಕೇಳುವವರಿದ್ದಾರೆ. ಮಾಡಬಹುದು, ಬೇರೆ ಊರಿನಲ್ಲಿ. ನಮ್ಮಲ್ಲಿ ಜೂನ್ ತಿಂಗಳ ರಾತ್ರಿ ಒಂದು ದೀಪ ಹಚ್ಚಿಟ್ಟರೆ ಒಳಗಿನ ಒಂದು ಹುಳ ಹೊರಬರುವ ಮೊದಲು ಹೊರಗಿನ ನೂರು ಹುಳ ಒಳಬರುತ್ತವೆ. ಸೊಳ್ಳೆಪರದೆಯೊಳಗೆ ಕುಳಿತು ಮಾಡುತ್ತೇನೆ ಎಂದರೂ ಅದರ ಕಣ್ಣುಗಳಲ್ಲಿ ಈ ಗಾತ್ರದ ಹುಳ ಸಲೀಸಾಗಿ ತೂರುತ್ತದೆ. ಜೊತೆಗೆ ಥ್ರಿಪ್ಸ್ ಹೆಚ್ಚು ಚುರುಕಾಗಿರುವುದೂ ಹಗಲಿನಲ್ಲೇ. ಹಗಲು, ಕಿಟಕಿ, ಡಬ್ಬಿ: ಇದಕ್ಕೆ ಕರೆಂಟೂ ಬೇಡ.

ಮೇಷ್ಟ್ರ ಟ್ಯಾಬನ್ನು ಬೆಳಿಗ್ಗೆ ಹನ್ನೊಂದಕ್ಕೆ ಡಬ್ಬಿಯೊಳಗಿಟ್ಟೆ. ಅವರು ಪೇಟೆಯ ಕೆಲಸ ಮುಗಿಸಿ ಬರುತ್ತೇನೆಂದು ಹೊರಟವರು ಹೋಗಲಿಲ್ಲ, ಸ್ಟೂಲ್ ಎಳೆದುಕೊಂಡು ಕುಳಿತರು. ಮಧ್ಯಾಹ್ನ ಒಂದು ಸಲ ಆನ್ ಮಾಡಿ ನೋಡಿದಾಗ ಪುಟದ ನಡುವಿನಿಂದ ಹೊರಟ ಅಲ್ಪವಿರಾಮ ಅಂಚಿನ ಖಾಲಿ ಜಾಗಕ್ಕೆ ಬಂದಿತ್ತು. "ಈಗ ಟಿಪ್ಪಣಿಯಾಯಿತು" ಎಂದರು. ನಾಲ್ಕು ಗಂಟೆಗೆ ನೋಡಿದರೆ ಪರದೆ ಖಾಲಿ. ಡಬ್ಬಿಯ ತಳದ ಬಿಳಿ ಹಾಳೆಯ ಮೇಲೆ, ಪೆನ್ಸಿಲಿನಿಂದ ಎಳೆದ ಗೀರಿನಷ್ಟು ಸಣ್ಣದಾಗಿ, ಅದು ಕಿಂಡಿಯ ಕಡೆ ನಡೆಯುತ್ತಿತ್ತು. ಮೇಷ್ಟ್ರು ಹಾಳೆಯನ್ನು ಎತ್ತಿ ಬಾಗಿಲಾಚೆ ಹಿಡಿದು ಊದಿದರು. ನಾನು ಕೂಲಿ ತೆಗೆದುಕೊಳ್ಳಲಿಲ್ಲ, ಟ್ಯಾಬಿನ ಅಂಚಿನಲ್ಲಿ ಎದ್ದಿದ್ದ ಅಂಟನ್ನು ಕೂರಿಸಿಕೊಟ್ಟದ್ದಕ್ಕೆ ಚಹಾ ಕುಡಿಸಿದರು.

ಒಂದೇ ದಿನಕ್ಕೆ ಎಲ್ಲವೂ ಹೀಗೆ ಮುಗಿಯುತ್ತದೆಂದು ಹೇಳಲಾರೆ. ಎರಡು ಮೂರು ಹಗಲು ಪ್ರಯತ್ನಿಸಿ. ಹೊರಬರದಿದ್ದರೂ ಅಂಚಿನ ಕಪ್ಪು ಪಟ್ಟಿಯಡಿ ಸೇರಿದರೆ ಸಾಕು, ಅಲ್ಲಿ ಸತ್ತರೂ ನಿಮ್ಮ ಕಣ್ಣಿಗೆ ಬೀಳುವುದಿಲ್ಲ.

ಸತ್ತಿದ್ದರೆ

ನಡುವೆಯೇ ಸತ್ತಿದ್ದರೆ ಕೆಲಸ ನಿಧಾನ. ಮೊದಲು ಕೆಲವು ದಿನ ಒಣಗಲು ಬಿಡಿ. ಹಸಿ ಹೆಣ ಅಂಟಿಕೊಳ್ಳುತ್ತದೆ. ಆಮೇಲೆ ಹುಳಕ್ಕೆ ಹತ್ತಿರದ ಅಂಚು ಕೆಳಗೆ ಬರುವಂತೆ ಸಾಧನವನ್ನು ನೆಟ್ಟಗೆ ಹಿಡಿದು, ಗಾಜಿನ ಮೇಲಲ್ಲ, ಪಕ್ಕದ ಚೌಕಟ್ಟಿಗೆ ಬೆರಳ ತುದಿಯಿಂದ ಟಕಟಕನೆ ತಟ್ಟಿ. ಅಕ್ಕಿ ಕೇರುವಾಗ ಮೊರದ ಅಂಚಿಗೆ ತಟ್ಟುವಷ್ಟೇ ಬಲ. ಫೋನಾದರೆ ವೈಬ್ರೇಷನ್‌ನಲ್ಲಿಟ್ಟು, ಅದೇ ಭಂಗಿಯಲ್ಲಿ ಹಿಡಿದುಕೊಂಡು, ಮನೆಯವರಿಂದ ನಾಲ್ಕಾರು ಸಲ ಕರೆ ಮಾಡಿಸಿ. ದಿನಕ್ಕೆ ಐದು ನಿಮಿಷ ಸಾಕು. ಒಂದೊಂದು ಸಲ ಕೂದಲೆಳೆಯಷ್ಟು ಜಾರುತ್ತದೆ. ಟೇಪಿನ ಗುರುತು ಇಟ್ಟುಕೊಂಡಿದ್ದರೆ ಗೊತ್ತಾಗುತ್ತದೆ. ಮಳೆಗಾಲದಲ್ಲಿ ಜಗ್ಗದ್ದು ಸಂಕ್ರಾಂತಿಯ ಒಣಹವೆಯಲ್ಲಿ ತಾನಾಗಿ ಜಾರಿದ್ದನ್ನೂ ನೋಡಿದ್ದೇನೆ.

ಜಾರಲೇ ಇಲ್ಲವೆಂದರೆ ನನ್ನ ಸಲಹೆ ವ್ಯಾಪಾರಿಯ ಬಾಯಲ್ಲಿ ಬರುವಂಥದ್ದಲ್ಲ: ಹಾಗೇ ಬಿಡಿ. ಚುಕ್ಕೆಯಿಂದ ಸಾಧನಕ್ಕೆ ಯಾವ ಕೇಡೂ ಇಲ್ಲ. ಒಂದು ವಾರ ಕಣ್ಣಿಗೆ ಚುಚ್ಚುತ್ತದೆ, ಆಮೇಲೆ ಮರೆತುಹೋಗುತ್ತದೆ.

ಬಿಚ್ಚುವ ಮಾತು

ವಾರಂಟಿ ಇದ್ದರೆ ಬಿಚ್ಚುವ ಮಾತೇ ಬೇಡ, ಕಂಪನಿಯ ಸರ್ವೀಸ್ ಸೆಂಟರಿಗೆ ಒಯ್ಯಿರಿ. ವಾರಂಟಿ ಮುಗಿದಿದ್ದು, ಹುಳ ಟಚ್ ಗ್ಲಾಸಿಗೂ ಎಲ್‌ಸಿಡಿಗೂ ನಡುವೆ ಇದ್ದರೆ ಅನುಭವವಿರುವ ಕೈ ಅದನ್ನು ತೆಗೆಯಬಲ್ಲದು. ಬ್ಯಾಟರಿಯ ಸಂಪರ್ಕ ತಪ್ಪಿಸಿ, ಅಂಚನ್ನು ಹದವಾಗಿ ಬಿಸಿ ಮಾಡಿ ಅಂಟು ಮೆದುವಾದಾಗ ತೆಳು ಪ್ಲಾಸ್ಟಿಕ್ ತೂರಿಸಿ ಗಾಜು ಎತ್ತುತ್ತೇವೆ. ಹುಳವನ್ನು ಟೇಪಿನ ತುದಿಗೆ ಅಂಟಿಸಿಕೊಂಡು ಎತ್ತಿ, ಹೊಸ ಅಂಟು ಹಾಕಿ ಕೂರಿಸುತ್ತೇವೆ. ಹಳೆಯ ಗಾಜು ಬಿಸಿಗೆ ಸೀಳುವ ಅಪಾಯ ಇದ್ದೇ ಇದೆ, ಅದನ್ನು ಮೊದಲೇ ಗಿರಾಕಿಗೆ ಹೇಳದವರ ಕೈಗೆ ಕೊಡಬೇಡಿ.

ಬ್ಯಾಕ್‌ಲೈಟ್ ಬಿಚ್ಚುವುದು ಬೇರೆಯೇ ಕಥೆ. ಅಂಗಡಿ ಹಾಕಿದ ಹೊಸತರಲ್ಲಿ ಕಾಲೇಜು ಹುಡುಗಿಯೊಬ್ಬಳ ಫೋನಿನಲ್ಲಿ ಇಂಥದ್ದೇ ಹುಳ. ನನಗೋ ಕೈಚಳಕ ತೋರಿಸುವ ಹುಮ್ಮಸ್ಸು. ಹಾಳೆಗಳನ್ನು ಒಂದೊಂದಾಗಿ ಬಿಡಿಸಿ, ಹುಳ ತೆಗೆದು, ಮತ್ತೆ ಜೋಡಿಸಿ ಹೆಮ್ಮೆಯಿಂದ ಆನ್ ಮಾಡಿದೆ. ಹುಳ ಇದ್ದ ಜಾಗ ಸ್ವಚ್ಛ. ಸುತ್ತ ಧೂಳಿನ ಹನ್ನೊಂದು ಕಣ, ಮೂಲೆಯಲ್ಲಿ ನನ್ನದೇ ಹೆಬ್ಬೆರಳಿನ ಗುರುತು, ಸುರುಳಿ ಸುರುಳಿಯಾಗಿ, ನೋಂದಣಿ ಪತ್ರದ ಮೇಲೆ ಒತ್ತಿದಷ್ಟು ಸ್ಪಷ್ಟವಾಗಿ. ಹೊಸ ಕಾಂಬೋ, ಅಂದರೆ ಟಚ್ ಗ್ಲಾಸ್ ಸಮೇತ ಇಡೀ ಡಿಸ್ಪ್ಲೇ, ತರಿಸಿ ನನ್ನ ದುಡ್ಡಿನಲ್ಲೇ ಹಾಕಿಕೊಟ್ಟೆ. ಅಂದಿನಿಂದ ಫೋನಿನ ಬ್ಯಾಕ್‌ಲೈಟ್ ಬಿಚ್ಚಿ ಎಂದು ಯಾರು ಹೇಳಿದರೂ ಕೈ ಮುಗಿಯುತ್ತೇನೆ. ಚುಕ್ಕೆ ಸಹಿಸಲಾಗದಿದ್ದರೆ ಡಿಸ್ಪ್ಲೇ ಬದಲಿಸುವುದೇ ನೇರ ದಾರಿ.

ಇನ್ನೊಂದು ಮಾತು. ಬಿಸಿನೀರಿನ ಸ್ನಾನವಾದ ಮೇಲೆ ಬಚ್ಚಲುಮನೆಯಲ್ಲಿ ಹಬೆಗೆ ಧೂಳು ಕೂರುತ್ತದೆ, ಅಲ್ಲಿ ಸ್ಕ್ರೀನ್ ಗಾರ್ಡ್ ಹಚ್ಚಿದರೆ ಕಣ ಸಿಕ್ಕಿಕೊಳ್ಳುವುದಿಲ್ಲ ಎಂಬ ಉಪಾಯ ಚಾಲ್ತಿಯಲ್ಲಿದೆ. ಗಾರ್ಡಿಗೆ ಅದು ಸರಿ. ಬಿಚ್ಚಿದ ಪರದೆಯನ್ನು ಅಲ್ಲಿಗೆ ಒಯ್ದರೆ ಧೂಳಿನ ಬದಲು ಹಬೆಯನ್ನು ಒಳಗೆ ಕೂಡಿಹಾಕಿದಂತಾಗುತ್ತದೆ.

ಮನೆಮದ್ದುಗಳು, ಅವುಗಳ ಫಲ

ಅಕ್ಕಿ ಡಬ್ಬಿಯೊಳಗೆ ಹುಗಿದಿಟ್ಟು ತಂದವರಿದ್ದಾರೆ. ಒದ್ದೆ ಫೋನಿಗೇ ಅಕ್ಕಿ ಪ್ರಯೋಜನವಿಲ್ಲದ್ದು, ಅದರ ಹುಡಿ ಹೋಗಿ ಚಾರ್ಜಿಂಗ್ ಬಾಯಿಯಲ್ಲಿ ಕೂರುತ್ತದೆ. ಹುಳಕ್ಕೆ ಅಕ್ಕಿ ಎಂದರೆ ಬೀಗರ ಊಟ. ಒಬ್ಬರ ಫೋನಿನ ಸ್ಪೀಕರಿನಿಂದ ಅಕ್ಕಿಯ ಮೂತಿಹುಳವನ್ನೇ ಹೊರತೆಗೆದಿದ್ದೇನೆ; ಬಂದ ದೂರು ಒಂದು, ಹೋಗುವಾಗ ಎರಡು.

ಹುಳ ಸಾಯಿಸುವ ಸ್ಪ್ರೇ ಹೊಡೆಯಬೇಡಿ. ಅದರ ದ್ರಾವಣ ಅಂಚಿನಿಂದ ಇಳಿದು ಹಾಳೆಗಳ ನಡುವೆ ಹರಡಿದರೆ ಹುಳಕ್ಕಿಂತ ನೂರು ಪಾಲು ದೊಡ್ಡ ಕಲೆ. ನುಸಿಗುಳಿಗೆಯ ಜೊತೆ ಡಬ್ಬಿಯಲ್ಲಿ ಮುಚ್ಚಿಡಬೇಡಿ, ಆ ಆವಿ ಕೆಲವು ಪ್ಲಾಸ್ಟಿಕ್‌ಗಳನ್ನು ಮೆತ್ತಗಾಗಿಸುತ್ತದೆ. ಫ್ರಿಜ್ಜಿನಲ್ಲಿಟ್ಟರೆ ಹುಳ ಸಾಯಬಹುದು, ನಡುವೆಯೇ ಸಾಯುತ್ತದೆ. ಹೊರತೆಗೆದ ಕೂಡಲೇ ನಮ್ಮ ತೇವದ ಗಾಳಿ ತಣ್ಣನೆಯ ಗಾಜಿನ ಒಳಮೈಗೆ ಹನಿಗಟ್ಟುತ್ತದೆ. ಒಲೆಯ ಮೇಲಿನ ಅಟ್ಟದಲ್ಲಿ ಅಡಿಕೆಯ ಜೊತೆ ಇಟ್ಟು, ಮಸಿ ಹಿಡಿಸಿ ತಂದದ್ದೂ ಉಂಟು. 45 ಡಿಗ್ರಿ ದಾಟಿದ ಶಾಖ ಲಿಥಿಯಂ ಬ್ಯಾಟರಿಗೆ ಒಳ್ಳೆಯದಲ್ಲ, ಒಲೆಯ ಮೇಲೆ ಎಷ್ಟಿರುತ್ತದೆಂದು ಅಳೆದವರು ಯಾರು? ಗಾಳಿ ಊದುವ ಬ್ಲೋವರ್ ಹುಳವನ್ನು ಇನ್ನೂ ಒಳಕ್ಕೆ ನೂಕುತ್ತದೆ.

ಮತ್ತೆ ಹೊಗದಂತೆ ಮಾಡುವುದು ದೊಡ್ಡ ವಿದ್ಯೆಯಲ್ಲ. ಸಂಜೆ ಓದುವಾಗ ಪರದೆಯ ಬೆಳಕು ಇಳಿಸಿ, ಕಣ್ಣಿಗೆ ಹಿತವಾದ ಹಳದಿ ಛಾಯೆಯ ರಾತ್ರಿ ವ್ಯವಸ್ಥೆ ಹಾಕಿಕೊಳ್ಳಿ, ನೀಲಿ ಕಡಿಮೆಯಾಗುತ್ತದೆ. ಕೋಣೆಯ ಆ ತುದಿಯಲ್ಲಿ ಇನ್ನೊಂದು ಪ್ರಖರ ದೀಪ ಉರಿಯಲಿ, ಹುಳಗಳು ಅತ್ತ ಹೋಗಲಿ. ಓದಿ ಮುಗಿದ ಮೇಲೆ ಮಡಿಚುವ ಕವರ್ ಮುಚ್ಚಿ. ಡಿಸ್ಪ್ಲೇ ಬದಲಿಸಿದ್ದರೆ ಅಂಚಿನ ಸುತ್ತ ಉಗುರು ಆಡಿಸಿ ನೋಡಿ. ಎಲ್ಲಾದರೂ ಉಗುರು ಸಿಕ್ಕಿಕೊಂಡರೆ ಅಂಟು ಸರಿಯಾಗಿ ಕೂತಿಲ್ಲ, ಹಣ ಕೊಡುವ ಮೊದಲೇ ಹೇಳಿ ಕೂರಿಸಿಕೊಳ್ಳಿ.

ಪುಷ್ಯ ಮಳೆಯಲ್ಲಿ ಮೇಷ್ಟ್ರು ಮತ್ತೆ ಬಂದರು. ಪ್ಲಾಸ್ಟಿಕ್ ಬಿಚ್ಚುತ್ತಲೇ, "ಈ ಸಲ ಒತ್ತಿಲ್ಲಪ್ಪಾ, ಕೈಯನ್ನೇ ಹಚ್ಚಿಲ್ಲ. ಆದರೆ ಇದು ನಡೆಯುತ್ತಲೂ ಇಲ್ಲ" ಎಂದರು. ನೂರ ಹನ್ನೆರಡನೆಯ ಪುಟದಲ್ಲಿ, ಎರಡು ಪದ್ಯಗಳ ನಡುವೆ ಕಂದು ಬಣ್ಣದ ಚುಕ್ಕೆ. ಮೂರು ದಿನ ಚಪ್ಪಲಿ ಡಬ್ಬಿಯಲ್ಲಿ, ಕಿಟಕಿಯ ಹತ್ತಿರ ಇಟ್ಟಿದ್ದರಂತೆ. ನಾನು ಪುಟ ತಿರುಗಿಸಿದೆ, ಚುಕ್ಕೆ ಇಲ್ಲ. ಹಿಂದಕ್ಕೆ ಬಂದೆ, ಇದೆ. ಎರಡು ಬೆರಳಿನಿಂದ ಹಿಗ್ಗಿಸಿದೆ. ಅಕ್ಷರಗಳ ಜೊತೆಗೇ ಅದೂ ಹಿಗ್ಗಿತು. ಆರು ಕಾಲು, ಮುರಿದ ಒಂದು ಮೀಸೆ, ಸುತ್ತ ಕಂದು ಕಲೆ. ಕಾಗದದ ಪುಸ್ತಕವನ್ನು ಯಾರೋ ಎಂದೋ ಓದುವಾಗ ಪುಟದ ಮೇಲೆ ಕುಳಿತ ಹುಳವನ್ನು ಹೆಬ್ಬೆರಳಿನಿಂದ ಒತ್ತಿದ್ದರು, ಸ್ಕ್ಯಾನ್ ಮಾಡಿದವರು ಅದನ್ನೂ ಸೇರಿಸಿ ಸ್ಕ್ಯಾನ್ ಮಾಡಿದ್ದರು.